ಅಜ್ಜಿಯ ಅಜ್ಜಿ

ಅನ್ನಾ ಲಿಯೊನೊವೆನ್ಸಳನ್ನು ನಾನು ಹುಡುಕಿಕೊಂಡು ಹೋದವನಲ್ಲ. ನಮ್ಮೂರ ಗ್ರಹಣವನ್ನು ಹುಡುಕಲು ಹೋದಾಗ ಆಕೆ ದಾರಿಯಲ್ಲಿ ಸಿಕ್ಕಳು.

ನಮ್ಮೂರು ಜಮಖಂಡಿ. 1868ರ ಆಗಸ್ಟ್ 18ರ ಬೆಳಿಗ್ಗೆ ಅಲ್ಲಿ ಖಗ್ರಾಸ ಸೂರ್ಯಗ್ರಹಣವಾಯಿತು. ಅದನ್ನು ನೋಡಲು ಲೆಫ್ಟಿನೆಂಟ್ ಜಾನ್ ಹರ್ಷಲ್ ಎಂಬಾತ ದೂರದರ್ಶಕ, ವರ್ಣಪಟಲ ನೋಡುವ ಉಪಕರಣ ಎಲ್ಲ ಹೊರಿಸಿಕೊಂಡು ಜಮಖಂಡಿಗೆ ಬಂದಿದ್ದ. ಈತ ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷಲನ ಮೊಮ್ಮಗ. ಅದೇ ದಿನ ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್ ಇದ್ದ. ಸೂರ್ಯನ ಅಂಚಿನಲ್ಲಿ ಏಳುವ ಜ್ವಾಲೆಗಳು ಉರಿಯುವ ಅನಿಲ ಎನ್ನುವುದು ಆ ದಿನದ ವೀಕ್ಷಣೆಗಳಿಂದ ಖಚಿತವಾಯಿತು. ನಿವೃತ್ತನಾದ ಮೇಲೆ ಊರಿನ ಬಗ್ಗೆ ಒಂದಿಷ್ಟು ಬರೆಯೋಣವೆಂದು ಈ ಗ್ರಹಣದ ಬೆನ್ನು ಹತ್ತಿದೆ. ಜಮಖಂಡಿಯ ಮೇಲೆ ಹಾದ ಆ ನೆರಳು ಬಂಗಾಳ ಕೊಲ್ಲಿ ದಾಟಿ ಎಲ್ಲಿಗೆ ಹೋಯಿತು ಎಂದು ನಕ್ಷೆಯಲ್ಲಿ ಬೆರಳಿಟ್ಟು ನೋಡುತ್ತ ಹೋದರೆ ಸಯಾಂ ದೇಶದ ವಾ ಕೋ ಎಂಬ ಕಡಲಂಚಿನ ಹಳ್ಳಿ ಸಿಕ್ಕಿತು. ಅಲ್ಲಿ ಆ ದೇಶದ ದೊರೆ ಮಾಂಗ್‌ಕುಟ್ ಕಾದು ಕುಳಿತಿದ್ದ. ಗ್ರಹಣ ಎಲ್ಲಿ, ಎಷ್ಟು ಹೊತ್ತಿಗೆ ಕಾಣುತ್ತದೆ ಎಂದು ಸ್ವತಃ ಲೆಕ್ಕ ಹಾಕಿ, ಫ್ರೆಂಚ್ ಖಗೋಳಜ್ಞರನ್ನೂ ಸಿಂಗಾಪುರದ ಬ್ರಿಟಿಷ್ ಗವರ್ನರನನ್ನೂ ಕರೆಸಿಕೊಂಡಿದ್ದ. ಲೆಕ್ಕ ಸರಿಯಾಗಿತ್ತು. ಆದರೆ ಆ ಜೌಗು ನೆಲದಲ್ಲಿ ಮಲೇರಿಯಾ ಹತ್ತಿ, ಅಕ್ಟೋಬರ್ 1ಕ್ಕೆ ದೊರೆ ತೀರಿಕೊಂಡ.

ಈ ದೊರೆಯ ಹೆಸರು ಎಲ್ಲೋ ಕೇಳಿದ ಹಾಗಿದೆಯಲ್ಲ ಎನಿಸಿತು. ಧಾರವಾಡದಲ್ಲಿ ಎಂ.ಎ. ಓದುವಾಗ ನೋಡಿದ್ದ ‘ದಿ ಕಿಂಗ್ ಅಂಡ್ ಐ’ ನೆನಪಾಯಿತು. ತಲೆ ಬೋಳಿಸಿಕೊಂಡು, ಸೊಂಟದ ಮೇಲೆ ಕೈಯಿಟ್ಟು ಗದರುವ ದೊರೆ ಯೂಲ್ ಬ್ರಿನ್ನರ್. ಬುಟ್ಟಿಯಂಥ ಲಂಗ ತೊಟ್ಟು ಅವನಿಗೆ ನಾಗರಿಕತೆ ಕಲಿಸಲು ಬಂದ ಇಂಗ್ಲಿಷ್ ಮೇಡಂ ಡೆಬೊರಾ ಕೆರ್. ನಾವೆಲ್ಲ ಚಪ್ಪಾಳೆ ತಟ್ಟಿದ್ದೆವು. ಗ್ರಹಣದ ಲೆಕ್ಕ ಹಾಕಿದವನೂ ಆ ಸಿನಿಮಾದ ಕೋಡಂಗಿಯೂ ಒಬ್ಬನೇ ಎಂದು ತಿಳಿದಾಗ ಮನಸ್ಸಿಗೆ ಸ್ವಲ್ಪ ಇರುಸುಮುರುಸಾಯಿತು. ಹಾಗಾದರೆ ಆ ಮೇಡಂ ನಿಜಕ್ಕೂ ಯಾರು?

ಆಕೆ ನಮ್ಮ ಪಕ್ಕದವಳು. ಹುಟ್ಟಿದ್ದು 1831ರ ನವೆಂಬರ್ 26ರಂದು ಅಹ್ಮದ್‌ನಗರದಲ್ಲಿ. ಈಗ ಅದು ಅಹಿಲ್ಯಾನಗರ. ಆಗಿನ ಮುಂಬಯಿ ಇಲಾಖೆಯ ಊರು. ನಮ್ಮ ಬೆಳಗಾವಿ, ಧಾರವಾಡಗಳೂ ಆಗ ಅದೇ ಇಲಾಖೆಯಲ್ಲಿದ್ದವು. ತಂದೆ ಥಾಮಸ್ ಎಡ್ವರ್ಡ್ಸ್ ಕಂಪನಿ ಸೈನ್ಯದ ಸಾರ್ಜೆಂಟ್, ಅದಕ್ಕೆ ಮೊದಲು ಮರಗೆಲಸದವನು. ಮಗಳು ಹುಟ್ಟುವ ಮೊದಲೇ ಅವನು ಸತ್ತಿದ್ದ. ತಾಯಿ ಮೇರಿ ಆ್ಯನ್ ಗ್ಲಾಸ್ಕಾಟ್ ಎರಡು ಸಣ್ಣ ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಪ್ಯಾಟ್ರಿಕ್ ಡೊನೊಹೊ ಎಂಬ ಐರಿಷ್ ಸಿಪಾಯಿಯನ್ನು ಮದುವೆಯಾದಳು. ಬ್ಯಾರಕ್ಕಿನಲ್ಲಿ ಗಂಡ ಸತ್ತ ಹೆಣ್ಣಿಗೆ ಆಗ ಬೇರೆ ದಾರಿ ಇರಲಿಲ್ಲ. ಹತ್ತಾರು ಸಿಪಾಯಿ ಸಂಸಾರಗಳು ಒಂದೇ ಸೂರಿನಡಿ, ನಡುವೆ ಬರೇ ಬಟ್ಟೆಯ ಪರದೆ. ಹುಡುಗಿಯರಿಗೆ ಹದಿನಾಲ್ಕು ಹದಿನೈದಕ್ಕೆ ಮದುವೆ. ಅನ್ನಾಳ ಅಕ್ಕ ಎಲಿಜಾಳನ್ನು ಅಂಥದೇ ವಯಸ್ಸಿನಲ್ಲಿ, ಅವಳಿಗಿಂತ ಇಪ್ಪತ್ತಕ್ಕೂ ಹೆಚ್ಚು ವರ್ಷ ದೊಡ್ಡವನಾದ ಸಾರ್ಜೆಂಟ್ ಒಬ್ಬನಿಗೆ ಕೊಟ್ಟರು.

ಈ ಮೇರಿ ಆ್ಯನಳ ತಂದೆ ವಿಲಿಯಂ ಗ್ಲಾಸ್ಕಾಟ್ ಮುಂಬಯಿ ಸೈನ್ಯದ ಅಧಿಕಾರಿ; 1810ರಲ್ಲಿ ಭಾರತಕ್ಕೆ ಬಂದವನು. ಅವನು ಇಂಗ್ಲಿಷ್ ಹೆಂಗಸೊಬ್ಬಳನ್ನು ಮದುವೆಯಾದ ದಾಖಲೆ ಎಲ್ಲೂ ಸಿಕ್ಕಿಲ್ಲ. ಮಕ್ಕಳು ಮಾತ್ರ ಇದ್ದರು. ಆ ಮಕ್ಕಳ ತಾಯಿ ಭಾರತೀಯಳು, ಅಥವಾ ಅರ್ಧ ಭಾರತೀಯಳು ಎಂದು ಅನ್ನಾಳ ಚರಿತ್ರೆ ಬರೆದವರು ತರ್ಕಿಸುತ್ತಾರೆ. ಆಕೆಯ ಹೆಸರು ಯಾವ ಕಾಗದದಲ್ಲೂ ಇಲ್ಲ. ಕಂಪನಿಯ ಕಾರಕೂನರು ಕುದುರೆಗಳ ಬಣ್ಣವನ್ನೂ ಬಿಡದೆ ಬರೆದಿಟ್ಟವರು. ಸಾಹೇಬರ ಮನೆಯ ದೇಶೀ ಹೆಣ್ಣಿನ ಹೆಸರಿಗೆ ಬಂದಾಗ ಅವರ ಲೇಖನಿಯಲ್ಲಿ ಶಾಯಿ ಮುಗಿಯುತ್ತಿತ್ತು. ಮರಾಠಿ ಮಾತಾಡುತ್ತಿದ್ದಳೋ, ದಖ್ಖನಿ ಉರ್ದುವೋ, ಗುಜರಾತಿಯೋ? ನಮ್ಮ ಕಡೆಯ ಹೆಣ್ಣುಮಗಳೇ ಇದ್ದಿರಬಹುದೇ ಎಂದು ಒಂದು ಕ್ಷಣ ನನಗೆ ಆಸೆಯಾದದ್ದು ನಿಜ. ಆಸೆಗೆ ಆಧಾರ ಬೇಕಲ್ಲ. ಅದನ್ನು ಅಲ್ಲಿಗೇ ಬಿಟ್ಟೆ.

ಅನ್ನಾ ಹದಿನೆಂಟು ತುಂಬಿದ ತಿಂಗಳೊಪ್ಪತ್ತಿನಲ್ಲಿ, 1849ರ ಕ್ರಿಸ್‌ಮಸ್ ದಿನ, ಪುಣೆಯಲ್ಲಿ ಥಾಮಸ್ ಲಿಯಾನ್ ಓವೆನ್ಸ್ ಎಂಬ ಗುಮಾಸ್ತನನ್ನು ಮದುವೆಯಾದಳು. ಮನೆಯವರು ಹುಡುಕಿದ ಗಂಡಲ್ಲ, ತಾನೇ ಒಪ್ಪಿದವನು. ಅವನ ಹೆಸರಿನ ಎರಡು ತುಂಡುಗಳು ಮುಂದೆ ಕೂಡಿಕೊಂಡು ಲಿಯೊನೊವೆನ್ಸ್ ಆಯಿತು. ಸಂಬಳ ಸಾಲದೆ ಇಬ್ಬರೂ 1852ರಲ್ಲಿ ಆಸ್ಟ್ರೇಲಿಯಾದ ಪರ್ತ್‌ಗೆ ಹೊರಟರು. ಆಕೆ ಅಲ್ಲಿ ಹುಡುಗಿಯರ ಶಾಲೆ ತೆರೆದಳು, ಅದು ನಡೆಯಲಿಲ್ಲ. ಗಂಡ ಕೈದಿಗಳ ಠಾಣ್ಯವೊಂದರಲ್ಲಿ ಉಗ್ರಾಣದ ಲೆಕ್ಕ ಬರೆದ, ಅದೂ ನಿಂತಿತು. ಮೊದಲ ಎರಡು ಮಕ್ಕಳು ಕೂಸಿದ್ದಾಗಲೇ ಹೋದವು. ಆಮೇಲೆ ಹುಟ್ಟಿದ ಏವಿಸ್, ಲೂಯಿ ಉಳಿದರು. ಮುಂದೆ ಮಲಯದ ಪೆನಾಂಗ್. ಗಂಡ ಅಲ್ಲಿ ಹೋಟೆಲು ನೋಡಿಕೊಳ್ಳುತ್ತಿದ್ದ. 1859ರ ಮೇ ತಿಂಗಳಲ್ಲಿ ಇದ್ದಕ್ಕಿದ್ದಂತೆ ಸತ್ತ. ಆಕೆಗೆ ಆಗ ಇಪ್ಪತ್ತೇಳು.

ಇಲ್ಲಿಯವರೆಗಿನದು ಆ ಕಾಲದ ಎಷ್ಟೋ ಬಡ ಆಂಗ್ಲೋ-ಇಂಡಿಯನ್ ಹೆಂಗಸರ ಕಥೆ. ಅನ್ನಾ ಅನ್ನಾ ಆದದ್ದು ಮುಂದಿನ ಹಡಗು ಪ್ರಯಾಣದಲ್ಲಿ. ಪೆನಾಂಗಿನಿಂದ ಹೊರಟು ಸಿಂಗಾಪುರದಲ್ಲಿ ಇಳಿದವಳು ಬೇರೆಯೇ ಹೆಂಗಸು. ಹುಟ್ಟೂರು ವೇಲ್ಸ್ ಸೀಮೆಯ ಕಾರ್ನಾರ್ವನ್. ಹುಟ್ಟಿದ ವರ್ಷ 1834. ತಂದೆ ಕ್ಯಾಪ್ಟನ್ ಕ್ರಾಫರ್ಡ್, ಭಾರತದ ಯುದ್ಧದಲ್ಲಿ ಮಡಿದ ವೀರ. ಗಂಡ ಬ್ರಿಟಿಷ್ ಸೈನ್ಯದ ಮೇಜರ್. ಅಹ್ಮದ್‌ನಗರ ಇಲ್ಲ, ಬ್ಯಾರಕ್ಕು ಇಲ್ಲ, ಅಕ್ಕ ಇಲ್ಲ, ಅಜ್ಜಿಯಂತೂ ಮೊದಲೇ ಇಲ್ಲ. ಆಕೆ ಈ ಕಥೆಯನ್ನು ಐವತ್ತೈದು ವರ್ಷ, ಸಾಯುವ ತನಕ, ಒಮ್ಮೆಯೂ ಎಡವದೆ ಬದುಕಿದಳು.

ಇದಕ್ಕೆ ಕಾರಣ ಹುಡುಕಲು ಬಹಳ ದೂರ ಹೋಗಬೇಕಿಲ್ಲ. ಕೈಯಲ್ಲಿದ್ದ ವಿದ್ಯೆ ಒಂದೇ, ಇಂಗ್ಲಿಷ್ ಕಲಿಸುವುದು. ಅಧಿಕಾರಿಗಳ ಮಕ್ಕಳಿಗೆಂದು ಸಿಂಗಾಪುರದಲ್ಲಿ ಶಾಲೆ ತೆರೆದಳು. ಯಾವ ಬಿಳಿಯ ಅಧಿಕಾರಿ ತನ್ನ ಮಕ್ಕಳನ್ನು ‘ಮಿಶ್ರ’ ಹೆಂಗಸಿನ ಬಳಿ ಇಂಗ್ಲಿಷ್ ಉಚ್ಚಾರ ಕಲಿಯಲು ಕಳಿಸುತ್ತಿದ್ದ? ಮೂವತ್ತು ವರ್ಷ ನಾನೂ ಇಂಗ್ಲಿಷ್ ಪಾಠ ಹೇಳಿ ಹೊಟ್ಟೆ ಹೊರೆದವನು. ಆ ಭಾಷೆಯನ್ನು ಮಾರುವಾಗ ಗಿರಾಕಿ ನೋಡುವುದು ಮೊದಲು ಮಾಸ್ತರನ ಮುಖವನ್ನು ಎಂಬುದು ನನಗೂ ಗೊತ್ತು. ಇವತ್ತಿಗೂ ನಮ್ಮ ಊರುಗಳಲ್ಲಿ ‘ಕಾನ್ವೆಂಟು’ ಎಂಬ ಬೋರ್ಡಿಗೆ ಇರುವ ಬೆಲೆ ಒಳಗಿರುವ ಪಾಠಕ್ಕೆ ಇಲ್ಲ.

ಇಲ್ಲಿ ನಮ್ಮ ಆಯಿಯ ಮಾತು ಹೇಳಬೇಕು. ಆಯಿ ಎಂದರೆ ನಮ್ಮ ಕಡೆ ಅಜ್ಜಿ. ಸಂಸ್ಥಾನದ ಕಾಲದಲ್ಲಿ ಹೆಣ್ಣುಮಕ್ಕಳ ಶಾಲೆಯಲ್ಲಿ ಅಕ್ಕೋರು ಆಗಿದ್ದವಳು. ಆಕೆ ತೀರಿಕೊಂಡ ಮೇಲೆ ಟ್ರಂಕಿನ ತಳದಲ್ಲಿ, ಇಳಕಲ್ ಸೀರೆಯ ಮಡಿಕೆಯಲ್ಲಿ, ಧಾರವಾಡದ ಟ್ರೇನಿಂಗ್ ಸರ್ಟಿಫಿಕೇಟು ಸಿಕ್ಕಿತು. ಅದರಲ್ಲಿದ್ದ ಹೆಸರು ಆಯಿಯದಲ್ಲ. ಊರು ಬೇರೆ. ಗಂಡನ ಹೆಸರಿನ ಜಾಗದಲ್ಲಿ ಇದ್ದವನು ನಮ್ಮ ಮುತ್ಯಾ ಅಲ್ಲ. ನಾನು ಅಪ್ಪನ ಮುಖ ನೋಡಿದೆ. ಅಪ್ಪ ಕಾಗದವನ್ನು ಮೊದಲಿನ ಮಡಿಕೆಯಲ್ಲೇ ಮಡಚಿ, “ಈಗ ಯಾಕ ಬೇಕು ಅದೆಲ್ಲಾ? ಒಳಗ ಇಡು” ಅಂದರು. ಇಟ್ಟೆ. ಎಳೆಯ ವಯಸ್ಸಿನಲ್ಲೇ ಗಂಡನನ್ನು ಕಳಕೊಂಡು, ಓದಿ, ಊರು ಬಿಟ್ಟು, ಹೊಸ ಹೆಸರಿನಲ್ಲಿ ಇನ್ನೊಂದು ಸಂಸಾರ ಕಟ್ಟಿದವಳು ಎಂದು ಎಷ್ಟೋ ವರ್ಷದ ಮೇಲೆ ಒಬ್ಬ ಮುದುಕರ ಬಾಯಿಂದ ತಿಳಿಯಿತು. ದಿನವೂ ರಾತ್ರಿ ಕಥೆ ಹೇಳಿ ಮಲಗಿಸುತ್ತಿದ್ದ ಆಯಿ ಆ ಒಂದು ಕಥೆಯನ್ನು ಮಾತ್ರ ನಮಗೆ ಹೇಳಲಿಲ್ಲ.

ಸಿಂಗಾಪುರಕ್ಕೆ ಮರಳೋಣ. ಶಾಲೆ ಕುಂಟುತ್ತಿತ್ತು. 1862ರಲ್ಲಿ ಅಲ್ಲಿನ ಚೀನೀ ವರ್ತಕ, ಸಯಾಂ ಸರಕಾರದ ಪ್ರತಿನಿಧಿ ತಾನ್ ಕಿಮ್ ಚಿಂಗ್ ಮೂಲಕ ಒಂದು ಕೆಲಸ ಬಂತು. ದೊರೆ ಮಾಂಗ್‌ಕುಟ್‌ಗೆ ತನ್ನ ರಾಣಿಯರಿಗೂ ಮಕ್ಕಳಿಗೂ ಇಂಗ್ಲಿಷ್ ಕಲಿಸುವವರು ಬೇಕು. ಹಿಂದೆ ಅಮೆರಿಕನ್ ಮಿಷನರಿಗಳ ಹೆಂಡಂದಿರು ಕಲಿಸಲು ಬಂದು, ಅಕ್ಷರದ ಜೊತೆ ಬೈಬಲ್ಲನ್ನೂ ಒತ್ತಿದ್ದರು. ಈ ಸಲ ದೊರೆಯ ಷರತ್ತು ಸ್ಪಷ್ಟವಿತ್ತು: ಭಾಷೆ, ವಿಜ್ಞಾನ, ಸಾಹಿತ್ಯ ಕಲಿಸು, ಮತಾಂತರದ ಮಾತು ಬೇಡ. ಸಂಬಳ ತಿಂಗಳಿಗೆ ನೂರು ಡಾಲರ್. ಆಕೆ ಏಳು ವರ್ಷದ ಏವಿಸಳನ್ನು ಇಂಗ್ಲೆಂಡಿನ ಶಾಲೆಗೆ ಕಳಿಸಿ, ಐದು ವರ್ಷದ ಲೂಯಿಯ ಕೈಹಿಡಿದು ಮಾರ್ಚ್‌ನಲ್ಲಿ ಬ್ಯಾಂಕಾಕಿನಲ್ಲಿ ಇಳಿದಳು. ಮಗಳನ್ನು ಮತ್ತೆ ನೋಡಿದ್ದು ಐದು ವರ್ಷದ ಮೇಲೆ. ಮುಂದೆ ಮೊಮ್ಮಕ್ಕಳ ವಿಷಯದಲ್ಲಿ ಆಕೆ ತೋರಿದ ಹಟಕ್ಕೂ ಈ ಐದು ವರ್ಷಕ್ಕೂ ನಂಟಿದೆ ಎಂದೇ ನನ್ನ ಭಾವನೆ.

ಮಾಂಗ್‌ಕುಟ್ ಪಟ್ಟಕ್ಕೆ ಬರುವ ಮೊದಲು ಇಪ್ಪತ್ತೇಳು ವರ್ಷ ಬೌದ್ಧ ಭಿಕ್ಷುವಾಗಿದ್ದವನು. ಪಾಳಿ ಬಲ್ಲವನು. ಲ್ಯಾಟಿನ್, ಇಂಗ್ಲಿಷ್ ಕಲಿತವನು. ಸಿಂಹಾಸನ ಏರಿದ ಮೇಲೆ ಮೂವತ್ತೊಂಬತ್ತು ಹೆಂಡಂದಿರು ಮತ್ತು ಉಪಪತ್ನಿಯರು, ಎಂಬತ್ತೆರಡು ಮಕ್ಕಳು. ಅವರಿದ್ದ ಒಳ ಅರಮನೆ ಒಂದು ಹೆಣ್ಣೂರು. ಕಾವಲಿಗೂ ಹೆಂಗಸರೇ. ದೊರೆಯನ್ನು ಬಿಟ್ಟರೆ ದೊಡ್ಡ ಗಂಡಸರಿಗೆ ಪ್ರವೇಶವಿಲ್ಲ. ಒಳಗಿದ್ದ ಹೆಂಗಸರಲ್ಲಿ ಬಹುತೇಕರಿಗೆ ಹೊರಗೆ ಬರುವ ದಾರಿಯೂ ಇಲ್ಲ. ಆ ಬಾಗಿಲನ್ನು ಬೆಳಿಗ್ಗೆ ಒಳಕ್ಕೂ ಸಂಜೆ ಹೊರಕ್ಕೂ ದಾಟುತ್ತಿದ್ದ ಕೆಲವೇ ಹೆಂಗಸರಲ್ಲಿ ಅನ್ನಾ ಒಬ್ಬಳು. ಪಾಠ ನಡೆಯುತ್ತಿದ್ದದ್ದು ಒಳಗಿನ ದೇವಾಲಯದ ಮಂಟಪದಲ್ಲಿ. ಬೆಳಿಗ್ಗೆ ಮಕ್ಕಳಿಗೆ ಅಕ್ಷರ, ನಕಾಶೆ, ಲೆಕ್ಕ. ಉಳಿದ ಹೊತ್ತು ದೊರೆಯ ಇಂಗ್ಲಿಷ್ ಪತ್ರಗಳ ಕರಡು ತಿದ್ದುವುದು. ದೊರೆಗೆ ಪತ್ರ ಬರೆಯುವ ಹುಚ್ಚು, ಆಕೆಗೆ ವಾದಿಸುವ ಚಟ. ಅರಮನೆಯ ಹೊರಗೆ ಮನೆ ಕೊಡುತ್ತೇನೆಂದ ಮಾತನ್ನು ಉಳಿಸಿಕೊಳ್ಳಿ ಎಂದು ಜಗಳ, ಸಂಬಳ ಏರಿಸಿ ಎಂದು ಜಗಳ, ಶಿಕ್ಷೆಗೆ ಗುರಿಯಾದ ದಾಸಿಯನ್ನು ಬಿಡಿ ಎಂದು ಜಗಳ. ಬ್ಯಾರಕ್ಕಿನಲ್ಲಿ ಬೆಳೆದ ಹುಡುಗಿ ಒಬ್ಬ ದೊರೆಯ ಎದುರು ನಿಂತು ಹೀಗೆ ಹಟ ಹಿಡಿಯಲು ಮೇಜರನ ವಿಧವೆಯ ವೇಷವೂ ನೆರವಾಗಿರಬೇಕು.

ಆಕೆ ಕಲಿಸಿದ ಮಕ್ಕಳಲ್ಲಿ ಎಂಟು ವರ್ಷದ ರಾಜಕುಮಾರನೊಬ್ಬನೂ ಇದ್ದ. ಅವನೇ ಮುಂದೆ ದೊರೆ ಚುಲಾಲಂಗ್‌ಕಾರ್ನ್. ಗುಲಾಮಗಿರಿಯನ್ನು 1874ರಿಂದ ಹಂತ ಹಂತವಾಗಿ ಕಡಿಮೆ ಮಾಡುತ್ತ ಬಂದು 1905ರಲ್ಲಿ ಪೂರ್ತಿ ತೆಗೆದುಹಾಕಿದವನು. ಅದರ ಶ್ರೇಯಸ್ಸು ತನ್ನ ಪಾಠಕ್ಕೆ ಸೇರಬೇಕೆಂದು ಅನ್ನಾಳ ಅಭಿಮಾನಿಗಳು ಹೇಳುತ್ತ ಬಂದರು. ಒಬ್ಬ ದೊರೆ ಮೂವತ್ತು ವರ್ಷ ಸರದಾರರ ಜೊತೆ ಎಳೆದಾಡಿ, ತೆರಿಗೆ, ಬಿಟ್ಟಿ ಚಾಕರಿ, ಸಾಲದ ಜೀತ ಎಲ್ಲವನ್ನೂ ಬಿಡಿಸುತ್ತ ತಂದ ಸುಧಾರಣೆಯನ್ನು ಬಾಲ್ಯದ ಐದು ವರ್ಷದ ಇಂಗ್ಲಿಷ್ ಪಾಠಕ್ಕೆ ಬರೆದುಕೊಡುವುದು ಯಾವ ನ್ಯಾಯ? ಮಾಸ್ತರರಾದ ನಾವು ಸ್ವಲ್ಪ ಸಂಕೋಚ ಕಲಿಯಬೇಕು. ಹಾಗೆಂದು ಪಾಠದಿಂದ ಏನೂ ಆಗಿಲ್ಲ ಎನ್ನಲೂ ಮನಸ್ಸು ಬಾರದು. ಗುಲಾಮಗಿರಿಯ ವಿರುದ್ಧ ಹ್ಯಾರಿಯೆಟ್ ಬೀಚರ್ ಸ್ಟೋವ್ ಬರೆದ ‘ಅಂಕಲ್ ಟಾಮ್ಸ್ ಕ್ಯಾಬಿನ್’ ಕಾದಂಬರಿಯನ್ನು ಓದಿದ ಒಬ್ಬ ರಾಣಿ ತನ್ನ ದಾಸಿಯರನ್ನೆಲ್ಲ ಬಿಡುಗಡೆ ಮಾಡಿದಳು ಎಂದು ಅನ್ನಾ ಬರೆದಿದ್ದಾಳೆ. ಅಕ್ಷರ ಅಷ್ಟಾದರೂ ಮಾಡಬಲ್ಲದು ಎಂದು ನಂಬಲು ನನಗೆ ಇಷ್ಟ.

1867ರಲ್ಲಿ ದಣಿದು ರಜೆಯ ಮೇಲೆ ಹೊರಟಳು. ಉತ್ತಮ ಸಂಬಳಕ್ಕೆ ಮರಳುವ ಮಾತುಕತೆ ನಡೆದಿರುವಾಗಲೇ ಗ್ರಹಣ ಬಂತು, ದೊರೆ ಹೋದ. ಹದಿನೈದು ವರ್ಷದ ಹೊಸ ದೊರೆ ಪ್ರೀತಿಯಿಂದ ಕೃತಜ್ಞತೆಯ ಪತ್ರ ಬರೆದ. ಮರಳಿ ಬಾ ಎಂದು ಮಾತ್ರ ಬರೆಯಲಿಲ್ಲ. ಜಮಖಂಡಿಯ ಮೇಲೆ ಹಾದುಹೋದ ನೆರಳು ಹೀಗೆ ಆಕೆಯ ನೌಕರಿಯನ್ನೂ ಕಳೆಯಿತು.

ಅಮೆರಿಕೆಗೆ ಹೋದಳು. ಮತ್ತೆ ಒಂದು ಶಾಲೆ, ಮತ್ತೆ ಅಷ್ಟಕ್ಕಷ್ಟೆ. ಆಗ ಲೇಖನಿ ಹಿಡಿದಳು. 1870ರಲ್ಲಿ ಸಯಾಂ ಆಸ್ಥಾನದ ಇಂಗ್ಲಿಷ್ ಶಿಕ್ಷಕಿಯ ಅನುಭವಗಳ ಪುಸ್ತಕ ಬಂತು. 1873ರಲ್ಲಿ ಅಂತಃಪುರದ ಕಥೆಗಳು. ಇವು ಆಕೆಗೆ ಹೆಸರು, ಅನ್ನ ಎರಡನ್ನೂ ಕೊಟ್ಟವು. ಇಲ್ಲಿಯೇ ನನಗೂ ಆಕೆಗೂ ಜಗಳ. ಪ್ರೇಮಿಸಿದ ತಪ್ಪಿಗೆ ಒಬ್ಬ ತರುಣಿಯನ್ನೂ ಭಿಕ್ಷುವನ್ನೂ ದೊರೆ ಬಹಿರಂಗವಾಗಿ ಸುಡಿಸಿದನೆಂದು ಬರೆದಳು. ಅರಮನೆಯ ಕೆಳಗೆ ನೆಲಮಾಳಿಗೆಯ ಸೆರೆಮನೆಗಳಿದ್ದವೆಂದು ಬರೆದಳು. ಎರಡು ಮೊಳ ಅಗೆದರೆ ನೀರು ಚಿಮ್ಮುವ ಬ್ಯಾಂಕಾಕಿನಲ್ಲಿ ನೆಲಮಾಳಿಗೆ! ಆ ದಹನಕ್ಕೆ ಆಕೆಯ ಪುಸ್ತಕದ ಹೊರಗೆ ಸಾಕ್ಷಿ ಸಿಕ್ಕಿಲ್ಲ. ತನ್ನ ಹುಟ್ಟಿನ ಬಗ್ಗೆ ಹೇಳಿದ ಸುಳ್ಳು ಒಬ್ಬ ವಿಧವೆ ಮಕ್ಕಳನ್ನು ಸಾಕಲು ಕಟ್ಟಿಕೊಂಡ ಗೋಡೆ. ಈ ಸುಳ್ಳು ಹಾಗಲ್ಲ. ಸತ್ತವನೊಬ್ಬನ ಮೇಲೆ ಎಸೆದದ್ದು. ಥಾಯ್ ಜನ ಇವತ್ತಿಗೂ ಆಕೆಯ ಹೆಸರು ಕೇಳಿದರೆ ಸಿಡುಕುವುದರಲ್ಲಿ ತಪ್ಪಿಲ್ಲ. ಆಕೆಯ ಕಥೆಯ ಸಿನಿಮಾಗಳಿಗೆ ಥಾಯ್ಲೆಂಡಿನಲ್ಲಿ ನಿಷೇಧವಿದೆ. 1999ರದನ್ನು ಚಿತ್ರೀಕರಿಸಲು ಮಲೇಷ್ಯಾಕ್ಕೆ ಹೋಗಬೇಕಾಯಿತು. ಸಿನಿಮಾದವರು ಆಕೆಗಿಂತ ಒಂದು ಹೆಜ್ಜೆ ಮುಂದೆ ಹೋದರು ಅನ್ನಿ. ಮಾಂಗ್‌ಕುಟ್ ಅಮೆರಿಕೆಗೆ ಆನೆಗಳನ್ನು ಕಳಿಸುತ್ತೇನೆಂದು ಪತ್ರ ಬರೆದದ್ದು ಅನ್ನಾ ಬ್ಯಾಂಕಾಕಿಗೆ ಬರುವ ಒಂದು ವರ್ಷ ಮೊದಲು, 1861ರ ಫೆಬ್ರವರಿಯಲ್ಲಿ. ನಾವು ಧಾರವಾಡದಲ್ಲಿ ನಕ್ಕಾಗ ಅದು ಮೇಡಂ ಎದುರಿಗೇ ನಡೆದ ತಮಾಷೆಯಾಗಿತ್ತು.

1881ರಲ್ಲಿ, ರಷ್ಯದ ಚಕ್ರವರ್ತಿ ಎರಡನೆಯ ಅಲೆಕ್ಸಾಂಡರ್ ಬಾಂಬಿಗೆ ಬಲಿಯಾದ ವರ್ಷ, ಬಾಸ್ಟನ್ನಿನ ಪತ್ರಿಕೆಯೊಂದರ ಪರವಾಗಿ ಆಕೆ ರಷ್ಯ ಸುತ್ತಿ ಬಂದಳು. ವಯಸ್ಸು ಆಗಲೇ ಐವತ್ತರ ಹತ್ತಿರ. ಆದರೆ ಅಷ್ಟರಲ್ಲಿ ಜೀವನದ ನಡುಗಂಬ ಬೇರೆಯಾಗಿತ್ತು. 1878ರಲ್ಲಿ ಏವಿಸ್ ಥಾಮಸ್ ಫೈಶ್ ಎಂಬ ಬ್ಯಾಂಕರನನ್ನು ಮದುವೆಯಾಗಿ ಕೆನಡಾದ ಹ್ಯಾಲಿಫ್ಯಾಕ್ಸಿಗೆ ಹೋದಳು. ತಾಯಿಯೂ ಅಲ್ಲಿಗೇ ಹೋದಳು. ಅಳಿಯನ ಮನೆಯಲ್ಲಿ ಮುದುಕಿ ಮೂಲೆ ಹಿಡಿಯಬಹುದಿತ್ತು. ಈಕೆ 1887ರಲ್ಲಿ ಊರಿನವರನ್ನು ಸೇರಿಸಿ ಒಂದು ಕಲಾಶಾಲೆಯನ್ನೇ ಕಟ್ಟಿಸಿದಳು. ಅದು ಇವತ್ತು ವಿಶ್ವವಿದ್ಯಾಲಯವಾಗಿದೆ. ಅದರ ಗ್ಯಾಲರಿಗೆ ಈಕೆಯದೇ ಹೆಸರು. ಹೆಂಗಸರ ಮತದ ಹಕ್ಕಿಗೆ ಭಾಷಣ ಮಾಡಿದಳು. ಇದರ ನಡುವೆ ಮೊಮ್ಮಕ್ಕಳು ಒಂದರ ಹಿಂದೊಂದು ಹುಟ್ಟುತ್ತ ಬಂದರು. ಅವರ ಪಾಠ, ಕಥೆ, ಭಾಷೆ ಎಲ್ಲ ಅಜ್ಜಿಯ ಸುಪರ್ದಿಗೆ. 1888ರಿಂದ 1893ರವರೆಗೆ ಮಗಳು ಮೊಮ್ಮಕ್ಕಳ ಜೊತೆ ಜರ್ಮನಿಯ ಕಾಸೆಲ್‌ನಲ್ಲಿ ಮನೆ ಮಾಡಿದಳು. ಅಲ್ಲಿನ ಶಾಲೆ ಚೆನ್ನ, ಜರ್ಮನ್ ಭಾಷೆ ಬರುತ್ತದೆ ಎಂಬ ಲೆಕ್ಕ.

ಅದೇ 1893ರಲ್ಲಿ ಇನ್ನೊಂದು ಹೊರೆ. ಮಗ ಲೂಯಿ ಸಯಾಂಗೆ ಮರಳಿ, ಬಾಲ್ಯದ ಗೆಳೆಯನಾದ ದೊರೆಯ ಅಶ್ವದಳದಲ್ಲಿದ್ದು, ಆಮೇಲೆ ತೇಗದ ವ್ಯಾಪಾರಕ್ಕೆ ಇಳಿದಿದ್ದ. ಅವನ ಹೆಂಡತಿ ಕ್ಯಾರೊಲಿನ್ ನಾಕ್ಸ್ ತೀರಿಕೊಂಡಳು. ಐದು, ಎರಡು ವರ್ಷದ ಎರಡು ಕೂಸುಗಳನ್ನು ಅವನು ಕಡಲಾಚೆ ತಾಯಿಯ ಬಳಿಗೆ ಕಳಿಸಿದ. ಕ್ಯಾರೊಲಿನಳ ತಂದೆ ಬ್ರಿಟಿಷ್ ಕಾನ್ಸಲ್ ಜನರಲ್, ತಾಯಿ ಸಯಾಂ ಹೆಂಗಸು. ಅದು ಎಲ್ಲರಿಗೂ ಗೊತ್ತಿದ್ದ ಮಾತು. ಈ ಮಕ್ಕಳು ತಾಯಿಯ ಕಡೆಯ ಏಷ್ಯದ ಅಜ್ಜಿಯನ್ನು ಬಲ್ಲವು. ಅವನ್ನು ತೊಡೆಯ ಮೇಲೆ ಕೂರಿಸಿಕೊಂಡ ಅಜ್ಜಿಗೂ ಏಷ್ಯದ ಅಜ್ಜಿಯೊಬ್ಬಳು ಇದ್ದಳು ಎಂಬುದು ಮಾತ್ರ ಆ ಮನೆಯಲ್ಲಿ ಒಬ್ಬರಿಗೇ ಗೊತ್ತಿದ್ದದ್ದು. ಮಕ್ಕಳು ಕೇಳಿರಲಾರವೇ, ಅಜ್ಜಿ, ನೀನು ಸಣ್ಣವಳಿದ್ದಾಗ ಎಲ್ಲಿದ್ದೆ ಎಂದು? ಎಲ್ಲ ಮಕ್ಕಳೂ ಕೇಳುತ್ತವೆ. ವೇಲ್ಸ್‌ನ ಯಾವ ಬೆಟ್ಟ, ಯಾವ ಹಳ್ಳ ಅವರಿಗೆ ಸಿಕ್ಕಿರಬಹುದು?

ಭಾರತವನ್ನು ಆಕೆ ಪೂರ್ತಿ ಮುಚ್ಚಿಟ್ಟವಳೂ ಅಲ್ಲ, ಅದೇ ವಿಚಿತ್ರ. 1884ರಲ್ಲಿ ಭಾರತ ಪ್ರವಾಸದ ಬಗ್ಗೆ ಒಂದು ದಪ್ಪ ಪುಸ್ತಕ ಬರೆದಳು. ರೈಲು ಬರುವುದಕ್ಕಿಂತ ಹಿಂದಿನ ಕಾಲದ ನೆನಪುಗಳು ಎಂದು ಅದರ ಅಡಿಬರಹ. ಅಷ್ಟಂತೂ ನಿಜ, ಮುಂಬಯಿ-ಠಾಣೆ ರೈಲು ಓಡಿದ್ದು 1853ರಲ್ಲಿ, ಆಕೆ ಹೋದ ಮರುವರ್ಷ. ಆದರೆ ಪುಸ್ತಕದಲ್ಲಿ ಆಕೆ ಮಲಬಾರ್ ಹಿಲ್ಲಿನ ಸಾಹೇಬರ ಬದುಕನ್ನು ಒಳಗಿನವಳಾಗಿ ವರ್ಣಿಸುತ್ತಾಳೆ. ಕ್ಯಾಂಟೋನ್ಮೆಂಟಿನ ಪರದೆಯ ಸಂಸಾರಕ್ಕೆ ಜಾಗವಿಲ್ಲ. ತನ್ನ ಮನೆಗೆ ತಾನೇ ನೆಂಟಳಾಗಿ ಬಂದು, ವರಾಂಡದಲ್ಲಿ ಕುಳಿತು ಚಹಾ ಕುಡಿದು ಹೋದ ಹಾಗೆ.

1897ರಲ್ಲಿ ಚುಲಾಲಂಗ್‌ಕಾರ್ನ್ ಯುರೋಪಿಗೆ ಬಂದಾಗ ಲಂಡನ್ನಿನಲ್ಲಿ ಇಬ್ಬರೂ ಮೂವತ್ತು ವರ್ಷದ ಮೇಲೆ ಭೇಟಿಯಾದರು. ಜೊತೆಗೆ ಅಜ್ಜಿಯ ಹೆಸರನ್ನೇ ಹೊತ್ತ ಮೊಮ್ಮಗಳು ಅನ್ನಾ ಫೈಶ್ ಇದ್ದಳು. ಕಲಿತ ಪಾಠಗಳಿಗಾಗಿ ದೊರೆ ವಂದಿಸಿದನೆಂದು ಮೊಮ್ಮಗಳ ನೆನಪು. ನನ್ನ ತಂದೆಯನ್ನು ಹಾಗೇಕೆ ಬರೆದಿರಿ ಎಂದು ನೊಂದು ಕೇಳಿದನೆಂದು ಇನ್ನೊಂದು ನೆನಪು. ಎರಡೂ ನಿಜವಿರಬಹುದು. ಹಳೆಯ ವಿದ್ಯಾರ್ಥಿಗಳು ಕಾಲಿಗೆ ನಮಸ್ಕರಿಸಿ ಎದ್ದವರೇ ಹಳೆಯ ಪೆಟ್ಟಿನ ಲೆಕ್ಕ ಕೇಳುವುದುಂಟು.

ನನಗೆ ಆಕೆಯ ಬದುಕಿನಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಡುವುದು ಆಮೇಲಿನ ಲೈಪ್ಜಿಗ್ ವರ್ಷಗಳು. ಮೊಮ್ಮಗಳು ಅಲ್ಲಿನ ಸಂಗೀತ ಶಾಲೆಯಲ್ಲಿ ಪಿಯಾನೊ ಕಲಿಯಬೇಕು. ಜೊತೆಗೆ ಅಜ್ಜಿ ಹೋದಳು. 1901ರವರೆಗೆ ಅಲ್ಲಿದ್ದರು. ಮೊಮ್ಮಗಳು ಪಿಯಾನೊ ಕುಟ್ಟುವ ಹೊತ್ತಿನಲ್ಲಿ ಅರವತ್ತಾರು ದಾಟಿದ ಅಜ್ಜಿ ಏನು ಮಾಡಿದಳು? ವಿಶ್ವವಿದ್ಯಾಲಯದಲ್ಲಿ ಅರ್ನ್‌ಸ್ಟ್ ವಿಂಡಿಶ್ ಎಂಬ ದೊಡ್ಡ ವಿದ್ವಾಂಸನ ಬಳಿ ಸಂಸ್ಕೃತಕ್ಕೆ ಕುಳಿತಳು. ಜರ್ಮನಿಯ ಚಳಿಯಲ್ಲಿ, ಕನ್ನಡಕ ಏರಿಸಿಕೊಂಡು, ಮೊಮ್ಮಕ್ಕಳ ವಯಸ್ಸಿನ ಹುಡುಗರ ನಡುವೆ ರಾಮಃ ರಾಮೌ ರಾಮಾಃ. ಆ ದನಿಗಳು ಆಕೆಗೆ ಹೊಸವಾಗಿರಲು ಸಾಧ್ಯವೇ ಇಲ್ಲ. ಅಹ್ಮದ್‌ನಗರದ, ಪುಣೆಯ ಗಲ್ಲಿಗಳಲ್ಲಿ ಆಡಿದ ಕಿವಿ. ಟ, ಠ, ಡ, ಢ ಎನ್ನಲು ಜರ್ಮನ್ ಹುಡುಗರು ನಾಲಿಗೆ ಹೊರಳಿಸಿ ಒದ್ದಾಡುವಾಗ ಈಕೆಯ ನಾಲಿಗೆ ತಾನಾಗಿ ಮಡಚಿರಬೇಕು. ಅದನ್ನೂ ಆಕೆ ಕಲಿಯುವವಳಂತೆ ಕಲಿತಳೋ? ಮನೆಯ ಬಾಗಿಲು ಮುಚ್ಚಿಕೊಂಡವಳು ಭಾಷೆಯ ಬಾಗಿಲಿನಿಂದ ಹಿತ್ತಲಿಗೆ ಇಣುಕಿದಳೋ? ನಾನು ಹೀಗೆಲ್ಲ ಊಹಿಸುವುದು ಹೆಚ್ಚಾಯಿತೇನೋ.

ಆಮೇಲೆ ಮಾಂಟ್ರಿಯಲ್. ಅಲ್ಲಿ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸಂಸ್ಕೃತದ ಬಗ್ಗೆ ಉಪನ್ಯಾಸ ಕೊಟ್ಟಳು. ಕೊನೆಯದನ್ನು ಕೊಟ್ಟಾಗ ಎಪ್ಪತ್ತ ಎಂಟು. ಏವಿಸ್ ತಾಯಿಗಿಂತ ಮೊದಲೇ ತೀರಿಕೊಂಡಳು. ತಾಯಿಯಿಲ್ಲದ ಆ ಮಕ್ಕಳಿಗೂ ಅಜ್ಜಿಯೇ ಆಸರೆಯಾದಳು. 1915ರ ಜನವರಿ 19ರಂದು, ಎಂಬತ್ಮೂರನೆಯ ವಯಸ್ಸಿನಲ್ಲಿ ಸತ್ತಳು. ಮೌಂಟ್ ರಾಯಲ್ ಸ್ಮಶಾನದ ಕಲ್ಲಿನ ಮೇಲೆ ಮೇಜರ್ ಥಾಮಸ್ ಲಾರ್ನ್ ಲಿಯೊನೊವೆನ್ಸನ ಪ್ರಿಯಪತ್ನಿ ಎಂದು ಕೆತ್ತಲಾಗಿದೆ. ಆ ಹೆಸರಿನ ಮೇಜರ್ ಭೂಮಿಯ ಮೇಲೆ ಎಂದೂ ಇರಲಿಲ್ಲ.

ಕಲ್ಲಿನ ಮೇಲೆ ಅಷ್ಟಕ್ಕೇ ನಿಂತರೆ ಯಾರೂ ಕೆದಕುತ್ತಿರಲಿಲ್ಲ. ಅಜ್ಜಿಯ ಮೇಲಿನ ಪ್ರೀತಿಯಿಂದ ಇನ್ನೊಬ್ಬ ಮೊಮ್ಮಗಳು, ತಾಯಿಯದೇ ಹೆಸರಿನ ಏವಿಸ್ ಫೈಶ್, ಅಜ್ಜಿಯ ಚರಿತ್ರೆ ಬರೆದಳು. ಅಚ್ಚಾಗಲಿಲ್ಲ. ಅಜ್ಜಿ ಹೇಳಿದ್ದನ್ನು ಒಂದಕ್ಷರ ಬಿಡದೆ ನಂಬಿ ಬರೆದ ಆ ಹಸ್ತಪ್ರತಿ, ಪತ್ರಗಳು ಮಾರ್ಗರೆಟ್ ಲ್ಯಾಂಡನ್ ಎಂಬ ಅಮೆರಿಕನ್ ಲೇಖಕಿಯ ಕೈಸೇರಿದವು. ಅವಳು 1944ರಲ್ಲಿ ಬರೆದ ಪುಸ್ತಕದಿಂದ 1951ರ ಸಂಗೀತ ನಾಟಕ, ನಾಟಕದಿಂದ ನಾನು ನೋಡಿದ ಸಿನಿಮಾ. ಗುಟ್ಟನ್ನು ಬಯಲು ಮಾಡಿದವನು ಡಬ್ಲ್ಯೂ. ಎಸ್. ಬ್ರಿಸ್ಟೊವ್, ಜೇಡರ ಹುಳುಗಳ ತಜ್ಞ! ಸಯಾಂನಲ್ಲಿ ಜೇಡ ಹುಡುಕುತ್ತ ಲೂಯಿಯ ಕಥೆಗೆ ಮನಸೋತು, ಅವನ ತಾಯಿಯ ಹುಟ್ಟನ್ನು ವೇಲ್ಸ್‌ನಲ್ಲಿ ಹುಡುಕಿದ. ಅಲ್ಲಿ ಸಿಗದೆ ಭಾರತದ ಸೈನ್ಯದ ದಾಖಲೆಗಳಿಗೆ ಬಂದ. ಅವನ ಪುಸ್ತಕ ಬಂದದ್ದು 1976ರಲ್ಲಿ. ಅಕ್ಕ ಎಲಿಜಾಳ ಎಳೆ ಹಿಡಿದು ಹೋದವರಿಗೆ ಅವಳ ಮೊಮ್ಮಗ ವಿಲಿಯಂ ಪ್ರ್ಯಾಟ್ ಸಿಕ್ಕ. ಹಾಲಿವುಡ್ಡಿನಲ್ಲಿ ಅವನ ಹೆಸರು ಬೋರಿಸ್ ಕಾರ್ಲಾಫ್, 1931ರ ‘ಫ್ರಾಂಕೆನ್‌ಸ್ಟೈನ್’ ಚಿತ್ರದ ಭೂತ. ಅನ್ನಾ ಎಂದೋ ಕಡಿದುಕೊಂಡ ಮನೆತನ ಅದೇ ಊರಿನಲ್ಲಿ, ಇನ್ನೊಂದು ಸುಳ್ಳು ಹೆಸರಿನಲ್ಲಿ, ಪರದೆಗೆ ಬಂದಿತ್ತು.

ಆಮೇಲೆ ಬಂದ ಚರಿತ್ರೆಕಾರರಲ್ಲಿ ಸೂಸನ್ ಮಾರ್ಗನ್ ಆಕೆಯನ್ನು ಪ್ರೀತಿಯಿಂದ ‘ಬಾಂಬೆ ಅನ್ನಾ’ ಎಂದು ಕರೆದಳು. ಆಲ್‌ಫ್ರೆಡ್ ಹ್ಯಾಬೆಗರ್ ‘ಮುಖವಾಡ’ ಎಂಬ ಅರ್ಥದ ಹೆಸರಿಟ್ಟು ಖಾರವಾಗಿ ಬರೆದ. ಇಬ್ಬರನ್ನೂ ಓದುತ್ತ ನನಗೆ ಮತ್ತೆ ಮತ್ತೆ ಅನಿಸಿದ್ದು ಒಂದೇ: ನಕ್ಷೆಯ ಮೇಲೆ ಇಷ್ಟೆಲ್ಲ ಓಡಾಡಿದ ಹೆಂಗಸಿನ ಹಿಂದೆ, ಹೆಸರಿಲ್ಲದೆ ನಿಂತ ಆ ಇನ್ನೊಬ್ಬಳು. ಮೊಮ್ಮಕ್ಕಳನ್ನು ಇಷ್ಟು ಹಚ್ಚಿಕೊಂಡವಳಿಗೆ ತಾನೂ ಒಬ್ಬಳ ಮೊಮ್ಮಗಳು ಎಂಬುದು ರಾತ್ರಿ ಹೊತ್ತಿನಲ್ಲಾದರೂ ನೆನಪಾಗುತ್ತಿರಲಿಲ್ಲವೇ?

ಆಯಿಯ ಟ್ರಂಕು ಈಗ ನನ್ನ ಮನೆಯಲ್ಲಿದೆ. ಅಪ್ಪ ಹೋಗಿ ಹನ್ನೊಂದು ವರ್ಷವಾಯಿತು. ಕಳೆದ ದೀಪಾವಳಿಗೆ ಬಂದ ಮೊಮ್ಮಗಳು ಇಳಕಲ್ ಸೀರೆ ನೋಡಬೇಕೆಂದು ಟ್ರಂಕು ತೆಗೆಸಿದಳು. ಮಡಿಕೆಯಿಂದ ಕಾಗದ ಜಾರಿ ಬಿತ್ತು. ಅವಳು ಅಕ್ಷರ ಕೂಡಿಸಿ ಹೆಸರನ್ನು ಗಟ್ಟಿಯಾಗಿ ಓದಿ, “ಮುತ್ಯಾ, ಇದು ಯಾರ ಹೆಸರು?” ಎಂದು ಕೇಳಿದಳು. ಕೂರು ಅಂದೆ. ಅಡುಗೆ ಮನೆಯಿಂದ ಸೊಸೆಯನ್ನೂ ಕರೆದೆ.